‘ಚೆನ್ನಾಗಿದ್ದೀನಿ ಕಣೇ’

ಹೋದ ವಾರ 140 ಪುಟ ಡಿಲೀಟ್ ಮಾಡ್ದೆ. ಕಾದಂಬರಿದು. ಮೂರು ವರ್ಷದಿಂದ ಬರೀತಿದೀನಿ, ಅಂದ್ರೆ ದಿನಾ ಬರೀತೀನಿ ಅಂತಲ್ಲ, ಮಗ ಮಲಗಿದ ಮೇಲೆ, ಕೆಲವು ತಿಂಗಳು ಒಂದು ಸಾಲೂ ಇಲ್ಲ, ಕೆಲವು ಸಲ ರಾತ್ರಿ ಎರಡು ಗಂಟೆವರೆಗೂ. ಡಿಲೀಟ್ ಅಂದ್ರೂ ಪೂರ್ತಿ ಅಳಿಸಿಲ್ಲ, ‘ಹಳೇದು’ ಅಂತ ಒಂದು ಫೋಲ್ಡರ್ ಮಾಡಿ ಅದರೊಳಗೆ ತಳ್ಳಿದೀನಿ, ಅಳಿಸೋ ಅಷ್ಟು ಧೈರ್ಯ ಇನ್ನೂ ಬಂದಿಲ್ಲ. ಯಾಕೆ ಹಾಗ್ಮಾಡ್ದೆ ಅಂತ ಗಂಡ ಕೇಳಿದ್ರು, ಸರಿಯಾಗಿ ಹೇಳೋಕಾಗ್ಲಿಲ್ಲ. ಇಲ್ಲಿ ಬರೆದು ನೋಡ್ತೀನಿ, ಬರೀತಾ ಬರೀತಾ ನಂಗೂ ಗೊತ್ತಾಗ್ಬಹುದು.

ಕಥೆ ದೊಡ್ಡದೇನಲ್ಲ. ಒಬ್ಬಳಿಗೆ ಮಗು ಆಗಿದೆ, ನಾಲ್ಕು ತಿಂಗಳ ಕೂಸು. ನೋಡೋರ ಕಣ್ಣಿಗೆ ಎಲ್ಲಾ ಸರಿ ಇದೆ, ಒಳಗೆ ಅವಳಿಗೆ ಏನೋ ಆಗಿದೆ, ಅದನ್ನ ಯಾರ ಹತ್ರಾನೂ ಬಾಯಿ ಬಿಡ್ತಿಲ್ಲ. ಅವಳಿಗೊಬ್ಬಳು ಹಳೇ ಗೆಳತಿ, ಆ ಸ್ನೇಹ ನಿಧಾನಕ್ಕೆ ಕೆಡುತ್ತೆ. ಅಷ್ಟೇ ಕಥೆ. ಪಾತ್ರಗಳಿಗೆ ಹೆಸರು ಕೂಡ ಇಟ್ಟಿಲ್ಲ. ಏನ್ ಹೆಸರಿಟ್ರೂ ಯಾರೋ ಗೊತ್ತಿರೋರ ಮುಖ ಅಡ್ಡ ಬರ್ತಿತ್ತು, ಅದಕ್ಕೆ ತಾಯಿನ ‘ಇವಳು’, ಗೆಳತೀನ ‘ಅವಳು’ ಅಂತ ಬರ್ಕೊಂಡು ಹೋದೆ. ಕನ್ನಡದಲ್ಲಿ ಇದೊಂದು ಸೌಕರ್ಯ ನೋಡಿ, ಹತ್ರ ಇರೋಳು ಇವಳು, ದೂರ ಇರೋಳು ಅವಳು, ಹೆಸರೇ ಇಲ್ದೆ ಇನ್ನೂರು ಪುಟ ಓಡಿಸ್ಬಹುದು. ಆಮೇಲೆ ಇದೇ ಸೌಕರ್ಯ ನಂಗೆ ಕೈ ಕೊಡ್ತು, ಅದನ್ನ ಹೇಳ್ತೀನಿ ಇರಿ.

ನಿಮ್ಮದೇ ಕಥೆನಾ ಅಂತ ಕೇಳಿದ್ರೆ, ಹೌದು, ಮುಕ್ಕಾಲು ಪಾಲು. ಮಗನಿಗೆ ಈಗ ಆರು ವರ್ಷ. ಅವನು ಹುಟ್ಟಿದ ಮೇಲೆ ಸುಮಾರು ಒಂದು ವರ್ಷ ನಂಗೆ ಡಿಪ್ರೆಶನ್ ಇತ್ತು, ಅದ್ರಲ್ಲಿ ಮೊದಲ ಆರು ತಿಂಗಳು ಯಾರಿಗೂ ಗೊತ್ತಿರ್ಲಿಲ್ಲ. ಯಾರಿಗೂ ಗೊತ್ತಿಲ್ಲ ಅಂತ ನಾನಂದ್ಕೊಂಡಿದ್ದೆ.

‘ಪ್ರಸವಾನಂತರದ ಖಿನ್ನತೆ’ ಅನ್ನೋ ಪದ ಪೇಪರಲ್ಲಿ ಓದಿದ್ದೆ, ಆದ್ರೆ ಯಾರ ಬಾಯಲ್ಲೂ ಕೇಳಿರ್ಲಿಲ್ಲ. ‘ನಂಗೆ ಖಿನ್ನತೆ ಆಗ್ತಿದೆ’ ಅಂತ ಫೋನಲ್ಲಿ ಯಾರಾದ್ರೂ ಹೇಳ್ತಾರಾ? ಮಾತಲ್ಲಿ ಬರೋದು ಬೇಜಾರು, ಸುಸ್ತು, ‘ಯಾಕೋ ಏನೂ ಬೇಡ ಅನ್ಸುತ್ತೆ’. ಇನ್ನೊಂದು ಕಡೆ ಹಳಬರ ಬಾಯಲ್ಲಿ ‘ಬಾಣಂತಿ ಸನ್ನಿ’ ಅಂತಿದೆ, ಅದು ಬೇರೆಯದೇ, ಬುದ್ಧಿನೇ ಸ್ಥಿಮಿತ ಕಳ್ಕೊಂಡಾಗ ಹೇಳೋದು. ಬೇಜಾರಿಗೂ ಸನ್ನಿಗೂ ಮಧ್ಯೆ ದೊಡ್ಡ ಬಯಲೊಂದಿದೆ, ನಾನು ಅಲ್ಲೆಲ್ಲೋ ಕೂತಿದ್ದೆ, ಆ ಜಾಗಕ್ಕೆ ನಮ್ಮ ಆಡುಮಾತಲ್ಲಿ ಹೆಸರಿಲ್ಲ. ಮುನ್ನೂರು ಪುಟ ಬರೆಯೋಕೆ ಹೊರಟಿದ್ದು ಅದಕ್ಕೇ ಇರ್ಬೇಕು, ಒಂದು ಪದ ಸಿಕ್ಕಿದ್ರೆ ಒಂದು ಪದದಲ್ಲೇ ಮುಗಿಸ್ತಿದ್ದೆನೇನೋ.

ಮೊದಲ ಡ್ರಾಫ್ಟಲ್ಲಿ ಇವಳು ಬರೀ ಅಳ್ತಾಳೆ. ಪುಟ ಪುಟಕ್ಕೂ ಅಳು, ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳು, ದಿಂಬಿಗೆ ಮುಖ ಒತ್ಕೊಂಡು ಅಳು. ಓದಿ ನೋಡಿದ್ರೆ ನಂಗೇ ನಂಬಿಕೆ ಬರ್ಲಿಲ್ಲ, ಯಾಕಂದ್ರೆ ನಂಗೆ ಹಾಗಾಗಿದ್ದು ಮೊದಲ ಹತ್ತು ದಿನ ಮಾತ್ರ. ಅದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗೋದೇ, ಬೇಬಿ ಬ್ಲೂಸ್ ಅಂತಾರೆ, ಹೊಟ್ಟೇಲಿ ಮಗು ಇದ್ದಾಗ ಏರಿ ಕೂತಿದ್ದ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನೆಲ್ಲಾ ಹೆರಿಗೆ ಆದ ಕೆಲವೇ ದಿನದಲ್ಲಿ ಧಡಕ್ಕನೆ ಕೆಳಗೆ ಬೀಳುತ್ತೆ, ನಿದ್ದೆ ಬೇರೆ ಇರಲ್ಲ, ಮೂರನೇ ನಾಲ್ಕನೇ ದಿನ ಕಾರಣಾನೇ ಇಲ್ದೆ ಕಣ್ಣಲ್ಲಿ ನೀರು, ಎರಡು ವಾರದೊಳಗೆ ತಾನಾಗೇ ಹೋಗುತ್ತೆ. ಎಲ್ರೂ ನಂಗೂ ಅದನ್ನೇ ಹೇಳಿದ್ರು, ಇದೆಲ್ಲಾ ಕಾಮನ್, ಎರಡು ವಾರ ತಡ್ಕೋ ಅಂತ. ತಡ್ಕೊಂಡೆ. ಹದಿನೈದನೇ ದಿನ ಹದಿನಾರನೇ ದಿನ ಅಂತ ಎಣಿಸ್ತಾ ಇದ್ದೆ. ಮೂರನೇ ವಾರ ಅಳು ನಿಂತಿತು ನಿಜ, ಆದ್ರೆ ಅದ್ರ ಜೊತೆ ಉಳಿದಿದ್ದೆಲ್ಲಾನೂ ನಿಂತುಹೋಯ್ತು. ಅಳು ನಿಂತಿದ್ದು ನೋಡಿ ಮನೇಲಿ ಎಲ್ರಿಗೂ ಸಮಾಧಾನ, ಸದ್ಯ ಸರಿ ಹೋದ್ಲು ಅಂತ. ನಾನೂ ಸರಿ ಹೋದೆ ಅಂದುಬಿಟ್ಟೆ. ಎರಡು ವಾರದ ಗಡುವು ದಾಟಿದ ಮೇಲೆ ಇನ್ನೂ ಆಗ್ತಿಲ್ಲ ಅಂತ ಹೇಳೋದು ಹೇಗೆ, ನಾಪಾಸಾದ ಹಾಗಲ್ವಾ ಅದು.

ಆಮೇಲಿನದನ್ನ ಬರೆಯೋದು ಕಷ್ಟ, ಯಾಕಂದ್ರೆ ಅದ್ರಲ್ಲಿ ಏನೂ ನಡೆಯಲ್ಲ. ಮಗು ನಗುತ್ತೆ, ಇವಳು ನೋಡ್ತಾಳೆ, ಗಾಜಿನ ಆ ಕಡೆ ಯಾರದೋ ಮಗು ನಗ್ತಾ ಇದೆ ಅನ್ನೋ ಥರ. ಹಾಲು ಕುಡಿಸೋದು, ಬಟ್ಟೆ ಬದಲಾಯಿಸೋದು, ಲಸಿಕೆಗೆ ಕರ್ಕೊಂಡ್ ಹೋಗೋದು ಯಾವುದೂ ತಪ್ಪಿಲ್ಲ, ಒಂದು ಡೋಸೂ ಲೇಟಾಗಿಲ್ಲ, ಪಟ್ಟಿ ಹಿಡ್ಕೊಂಡು ಮಾಡಿದ್ದೀನಿ. ಜೊತೆಗೆ ಸಿಟ್ಟು. ಯಾರೂ ಹೇಳಲ್ಲ ಇದನ್ನ, ಡಿಪ್ರೆಶನ್ ಅಂದ್ರೆ ಮೂಲೇಲಿ ಕೂತು ಕಣ್ಣೀರು ಹಾಕೋದು ಅಂತ ನಾವೆಲ್ಲಾ ಅಂದ್ಕೊಂಡಿರ್ತೀವಿ, ನಂಗೆ ಚಮಚ ಕೆಳಗೆ ಬಿದ್ದ ಸದ್ದಿಗೂ ಮೈಯೆಲ್ಲಾ ಉರೀತಿತ್ತು. ಮತ್ತೆ ನಿದ್ದೆ. ‘ಮಗು ಮಲಗಿದಾಗ ನೀನೂ ಮಲ್ಕೋ’ ಅಂತ ಬಂದೋರೆಲ್ಲಾ ಹೇಳೋರು. ಮಗು ಮಲಗಿರ್ತಿತ್ತು, ಮನೆ ನಿಶ್ಶಬ್ದ, ನಾನು ಕಣ್ಣು ಬಿಟ್ಕೊಂಡು ಫ್ಯಾನ್ ನೋಡ್ತಾ ಮಲಗಿರ್ತಿದ್ದೆ. ಮಗು ಎಬ್ಬಿಸ್ತು ಅಂತ ನಿದ್ದೆ ಕೆಡೋದು ಬೇರೆ, ಮಗು ಮಲಗಿದ್ರೂ ನಿದ್ದೆ ಬರದೇ ಇರೋದು ಬೇರೆ, ಎರಡನೇದಕ್ಕೆ ಡಾಕ್ಟರುಗಳು ಕಿವಿ ನಿಮಿರಿಸ್ತಾರಂತೆ. ನಂಗೆ ಆಗ ಯಾರೂ ಆ ಪ್ರಶ್ನೆ ಹಾಗೆ ಬಿಡಿಸಿ ಕೇಳ್ಲಿಲ್ಲ.

ಬಚ್ಚಿಡೋದು ಅಂದ್ರೆ ದೊಡ್ಡ ನಾಟಕ ಅಂದ್ಕೋಬೇಡಿ. ಸಣ್ಣ ಸಣ್ಣ ಕೆಲಸ ಅದು. ಯಾರಾದ್ರೂ ಬರ್ತೀವಿ ಅಂದ್ರೆ ಒಂದು ಗಂಟೆ ಮುಂಚೆ ತಲೆಗೆ ಸ್ನಾನ ಮಾಡೋದು. ವಿಡಿಯೋ ಕಾಲ್ ಬಂದ್ರೆ ಕ್ಯಾಮೆರಾನ ಮಗು ಕಡೆ ತಿರುಗಿಸೋದು, ಎಲ್ರೂ ಮಗೂನೇ ನೋಡ್ಬೇಕು ಅಂತಾನೇ ಇರ್ತಾರೆ, ನನ್ನ ಮುಖ ಯಾಕಿಲ್ಲ ಅಂತ ಆರು ತಿಂಗಳಲ್ಲಿ ಒಬ್ರೂ ಕೇಳಿಲ್ಲ. ಮೆಸೇಜಿಗೆ ತಕ್ಷಣ ಉತ್ತರ ಕೊಡದೇ ಇರೋದು, ಮಗು ಇದೆಯಲ್ಲ, ಬ್ಯುಸಿ ಅಂದ್ಕೋತಾರೆ. ‘ಹೇಗಿದ್ದೀಯೇ’ ಅಂದ್ರೆ ‘ಚೆನ್ನಾಗಿದ್ದೀನಿ ಕಣೇ, ನಿದ್ದೆ ಒಂದಿಲ್ಲ ಅಷ್ಟೇ’ ಅಂತ ಟೈಪ್ ಮಾಡಿ ಒಂದು ನಗೋ ಮುಖ. ನಿದ್ದೆ ಇಲ್ಲ ಅನ್ನೋ ಅಷ್ಟು ನಿಜಾನ ಬೆರೆಸಬೇಕು, ಆಗ ಉಳಿದಿದ್ದು ಸಲೀಸಾಗಿ ಹೋಗುತ್ತೆ. ಫೋನಿಗೆ ಈ ಸಾಲು ಎಷ್ಟು ಅಭ್ಯಾಸ ಆಗಿತ್ತು ಅಂದ್ರೆ ‘ಚೆ’ ಅಂತ ಒತ್ತಿದ್ರೆ ಪೂರ್ತಿ ತಾನೇ ತೋರಿಸ್ತಿತ್ತು.

ಪ್ರಶ್ನೆಪತ್ರಿಕೆಗೂ ಸುಳ್ಳು ಹೇಳಿದೀನಿ. ಒಂದು ಚೆಕಪ್‌ನಲ್ಲಿ ಒಂದು ಹಾಳೆ ಕೊಟ್ರು, ಹತ್ತು ಪ್ರಶ್ನೆ, ಕಳೆದ ಏಳು ದಿನದಲ್ಲಿ ನಿಮಗೆ ಹೇಗನ್ನಿಸಿದೆ ಅಂತ. ಅದ್ರ ಹೆಸರು ಎಡಿನ್‌ಬರ್ಗ್ ಸ್ಕೇಲ್ ಅಂತ ಆಮೇಲೆ ಗೊತ್ತಾಯ್ತು, 1987ರಲ್ಲಿ ಸ್ಕಾಟ್ಲೆಂಡಲ್ಲಿ ಜಾನ್ ಕಾಕ್ಸ್ ಅನ್ನೋ ಸೈಕಿಯಾಟ್ರಿಸ್ಟ್ ಮತ್ತೆ ಜೊತೆಯವರು ಮಾಡಿದ್ದು, ಈಗ್ಲೂ ಎಷ್ಟೋ ದೇಶದಲ್ಲಿ ಅದನ್ನೇ ಬಳಸ್ತಾರೆ. ಅದ್ರ ಜಾಣತನ ಏನಂದ್ರೆ ಮೈಕೈ ಸುಸ್ತು, ತೂಕ ಇಂಥದ್ದನ್ನೆಲ್ಲಾ ಕೇಳೋದೇ ಇಲ್ಲ, ಹಸಿ ಬಾಣಂತಿಗೆ ಸುಸ್ತಾಗಿದೆಯಾ ಅಂದ್ರೆ ಯಾರು ತಾನೇ ಇಲ್ಲ ಅಂತಾರೆ. ಬದಲಿಗೆ ನಗು ಬರುತ್ತಾ, ಮುಂದಿನದನ್ನ ನೆನೆಸ್ಕೊಂಡ್ರೆ ಖುಷಿ ಆಗುತ್ತಾ, ಕಾರಣ ಇಲ್ದೆ ಹೆದರಿಕೆ ಆಗುತ್ತಾ, ತಪ್ಪಾದಾಗ ಸುಮ್‌ಸುಮ್ನೆ ನಿಮ್ಮನ್ನೇ ಬೈಕೋತೀರಾ. ಕೊನೇದು, ನಿಮಗೆ ನೀವೇ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದಿದೆಯಾ. ಒಂದೊಂದಕ್ಕೂ ನಾಲ್ಕು ಉತ್ತರ, ಸೊನ್ನೆಯಿಂದ ಮೂರು ಅಂಕ, ಒಟ್ಟು 30, ಹತ್ತೋ ಹದಿಮೂರೋ ದಾಟಿದ್ರೆ ಕೂರಿಸಿ ಮಾತಾಡ್ಬೇಕು ಅಂತ ಲೆಕ್ಕ. ಶಾಲೇಲಿ ಚೆನ್ನಾಗಿ ಓದ್ತಿದ್ದ ಹುಡುಗಿ ನಾನು, ಯಾವ ಉತ್ತರಕ್ಕೆ ಯಾವ ಅಂಕ ಅಂತ ಪ್ರಶ್ನೆ ನೋಡಿದ ತಕ್ಷಣ ಗೊತ್ತಾಗ್ಬಿಡುತ್ತೆ. ಎಲ್ಲದಕ್ಕೂ ಸೊನ್ನೆ ಹಾಕಿದ್ರೆ ಅನುಮಾನ ಬರುತ್ತೆ ಅಂತ ಅಲ್ಲಲ್ಲಿ ಒಂದೊಂದು ಅಂಕ ಬಿಟ್ಟೆ. ನಾಲ್ಕು ಬಂತು. ನರ್ಸ್ ‘ವೆರಿ ಗುಡ್’ ಅಂದ್ರು. ಎರಡು ತಿಂಗಳ ಮೇಲೆ ಅದೇ ಹಾಳೆ ನಿಜ ಹೇಳಿ ತುಂಬಿದಾಗ 19.

ಈ ಸೀನ್ ಮಾತ್ರ ಮೂರೂ ಡ್ರಾಫ್ಟಲ್ಲಿ ಉಳ್ಕೊಂಡಿದೆ, ‘ವೆರಿ ಗುಡ್’ ಸಮೇತ.

ಇನ್ನೊಂದು ಸೀನ್ ಬಗ್ಗೆ ಜಗಳಾನೇ ಆಯ್ತು. ನಾವೊಂದು ಐದಾರು ಜನ ಬರ್ದಿದ್ದನ್ನ ಒಬ್ರಿಗೊಬ್ರು ಓದ್ತೀವಿ. ಕಾದಂಬರೀಲಿ ಇವಳು ಮಗು ಎತ್ಕೊಂಡು ಮೆಟ್ಟಿಲು ಇಳೀವಾಗೆಲ್ಲಾ ತಲೇಲಿ ಒಂದು ಚಿತ್ರ ಬರುತ್ತೆ, ಮಗು ಕೈ ಜಾರಿ ಬಿದ್ದ ಹಾಗೆ, ಕೆಲವೊಮ್ಮೆ ತಾನೇ ಬಿಟ್ಟ ಹಾಗೆ. ಅದಕ್ಕೆ ಇವಳು ಮೆಟ್ಟಿಲಿಗೆ ಹೋಗೋದೇ ಬಿಡ್ತಾಳೆ, ಇಳೀಲೇಬೇಕಾದ್ರೆ ಗೋಡೆಗೆ ಒರಗ್ಕೊಂಡು ಕೂತು ಒಂದೊಂದೇ ಮೆಟ್ಟಿಲು ಕೆಳಗೆ ಸರೀತಾಳೆ. ಇದನ್ನ ಓದಿ ಒಬ್ರು, ಒಳ್ಳೇ ಮನುಷ್ಯರೇ ಅವರು, ‘ಇಲ್ಲಿ ಮಗೂಗೆ ಏನಾದ್ರೂ ಆಗ್ಲಿ, ಕಥೆಗೆ ಟೆನ್ಶನ್ ಬರುತ್ತೆ’ ಅಂದ್ರು. ನಂಗೆ ಕಣ್ಣು ಕತ್ತಲೆ ಬಂದ ಹಾಗಾಯ್ತು. ಆ ಮೆಟ್ಟಿಲು ನಂದು. ಆ ಚಿತ್ರ ಬಂದಾಗೆಲ್ಲಾ ನಾನು ರಾಕ್ಷಸಿ ಅಂತ ನಂಬಿದ್ದೆ, ಯಾರಿಗಾದ್ರೂ ಹೇಳಿದ್ರೆ ಮಗೂನ ಕಿತ್ಕೊಂಡು ಹೋಗ್ತಾರೆ ಅಂತ ನಂಬಿದ್ದೆ. ಬಾಯಿ ಬಿಟ್ಟು ಹೇಳಿದ ದಿನ ಡಾಕ್ಟರ್ ಗಾಬರಿ ಬೀಳ್ಲಿಲ್ಲ. ಇಂಥ ಬೇಡದ ಚಿತ್ರಗಳು ಹೊಸ ತಾಯಂದಿರಲ್ಲಿ ತುಂಬಾ ತುಂಬಾ ಜನಕ್ಕೆ ಬರುತ್ತೆ, ಡಿಪ್ರೆಶನ್ ಇಲ್ದೋರಿಗೂ ಬರುತ್ತೆ, ನೀವು ಅದಕ್ಕೆ ಇಷ್ಟು ಹೆದರಿ ಮೆಟ್ಟಿಲೇ ಬಿಟ್ಟಿದ್ದೀರಲ್ಲ, ಆ ಹೆದರಿಕೇನೇ ನೋಡ್ಬೇಕಾದ್ದು ಅಂದ್ರು. ಸನ್ನಿಯಲ್ಲಿ, ಅಂದ್ರೆ ಪೋಸ್ಟ್‌ಪಾರ್ಟಮ್ ಸೈಕೋಸಿಸ್‌ನಲ್ಲಿ, ಕಥೆ ಬೇರೆ, ಅದು ಸಾವಿರಕ್ಕೆ ಒಬ್ರಿಗೋ ಇಬ್ರಿಗೋ ಬರೋದು, ಹೆಚ್ಚಾಗಿ ಹೆರಿಗೆ ಆದ ಮೊದಲ ಎರಡು ವಾರದಲ್ಲೇ ಶುರುವಾಗುತ್ತೆ, ಇಲ್ಲದ ದನಿ ಕೇಳ್ಸುತ್ತೆ, ಇಲ್ಲದ್ದು ನಿಜ ಅಂತ ಗಟ್ಟಿಯಾಗಿ ಅನ್ಸುತ್ತೆ, ಅದು ಒಂದು ದಿನಾನೂ ಕಾಯದೆ ಆಸ್ಪತ್ರೆಗೆ ಓಡ್ಬೇಕಾದ ಎಮರ್ಜೆನ್ಸಿ. ಎರಡನ್ನೂ ಕಲಸಿ ಕಥೆ ಮಾಡಿದ್ರೆ ಕ್ಲೈಮ್ಯಾಕ್ಸ್ ಏನೋ ಸಿಗುತ್ತೆ, ಆದ್ರೆ ಅದನ್ನ ಓದಿದ ಯಾವಳೋ ಬಾಣಂತಿ ತನ್ನ ಮೆಟ್ಟಿಲಿನ ವಿಷಯ ಇನ್ನೂ ಒಳಗೆ ನೂಕಿ ಬಾಗಿಲು ಹಾಕ್ಕೋತಾಳೆ. ಹಾಗಾಗಿ ನನ್ನ ಕಾದಂಬರೀಲಿ ಮಗೂಗೆ ಏನೂ ಆಗಲ್ಲ. ಟೆನ್ಶನ್ ಬೇಕಾದೋರು ಬೇರೆ ಪುಸ್ತಕ ಓದ್ಕೊಳ್ಳಿ.

ಸರಿ, ಈಗ ಗೆಳತಿ ವಿಷಯ. 140 ಪುಟ ಹೋಗಿದ್ದು ಇದಕ್ಕೇ.

ಹಾಸ್ಟೆಲ್‌ನಲ್ಲಿ ಒಂದೇ ರೂಮಲ್ಲಿದ್ವಿ, ಆಗಿಂದ ಸ್ನೇಹ. ನನ್ನ ಮುಖ ನೋಡಿ ಹೊಟ್ಟೆ ಹಸಿದಿದೆಯಾ ಸಿಟ್ಟು ಬಂದಿದೆಯಾ ಅಂತ ಹೇಳ್ತಿದ್ಳು. ನಂಗೆ ಮಗು ಆದ ಹೊತ್ತಿಗೆ ಅವಳಿಗೆ ಎರಡು ಸಲ ಐವಿಎಫ್ (ಮಗು ಆಗೋಕೆ ಮಾಡಿಸೋ ಚಿಕಿತ್ಸೆ) ಫೇಲ್ ಆಗಿತ್ತು. ಈಗ ನೀವೇ ಹೇಳಿ, ಮಗು ಬೇಕು ಅಂತ ಮೈಗೆಲ್ಲಾ ಇಂಜೆಕ್ಷನ್ ಚುಚ್ಚಿಸ್ಕೊಂಡೋಳ ಹತ್ರ ಹೋಗಿ, ರಾತ್ರಿ ಮೂರು ಗಂಟೆಗೆ ನಂಗೆ ಈ ಮಗು ಬೇಡ ಅನ್ಸುತ್ತೆ ಕಣೇ ಅಂತ ಯಾವ ಬಾಯಲ್ಲಿ ಹೇಳ್ಲಿ? ಗಂಡನಿಗೆ ಹೇಳದೇ ಇದ್ದಿದ್ದಕ್ಕೆ ಭಯ ಕಾರಣ, ಅಮ್ಮನಿಗೆ ಹೇಳದೇ ಇದ್ದಿದ್ದಕ್ಕೆ ನಾಚಿಕೆ ಕಾರಣ, ಗೆಳತಿಗೆ ಹೇಳದೇ ಇದ್ದಿದ್ದು ಮಾತ್ರ ಅವಳ ಮೇಲಿನ ಪ್ರೀತಿಗೆ ಅಂತ ನಾನು ವರ್ಷಗಟ್ಟಲೆ ಅಂದ್ಕೊಂಡಿದ್ದೆ.

ಮಗೂಗೆ ನಾಲ್ಕು ತಿಂಗಳಿದ್ದಾಗ ನೋಡೋಕೆ ಬಂದ್ಳು. ಮಗೂನ ಎದೆಗೆ ಒತ್ಕೊಂಡು ಕಣ್ಣು ಮುಚ್ಕೊಂಡು ತುಂಬಾ ಹೊತ್ತು ಕೂತಿದ್ಳು. ಆಮೇಲೆ ‘ಏನ್ ಅದೃಷ್ಟ ಕಣೇ ನಿಂದು’ ಅಂದ್ಳು. ನಾನು ‘ಹೂಂ’ ಅಂದೆ. ಅಷ್ಟೇ, ಒಂದು ಹೂಂ. ಅವತ್ತು ನಾನು ಹೇಳಿದ ದೊಡ್ಡ ಸುಳ್ಳು ಅದು. ಅವಳು ಹೋದ ಮೇಲೆ ಫೋನ್ ಕಮ್ಮಿ ಆಯ್ತು, ನಂದೂ ಅವಳದೂ. ತಿಂಗಳಾದ ಮೇಲೆ ಏನೋ ಸಣ್ಣ ವಿಷಯಕ್ಕೆ, ಗ್ರೂಪಲ್ಲಿ ಫೋಟೋ ಹಾಕಿ ಅವಳಿಗೆ ಬೇರೆ ಕಳಿಸ್ಲಿಲ್ಲ ಅಂತಲೋ ಏನೋ, ಮಾತು ಬೆಳೀತು, ‘ನನ್ ಹೊಟ್ಟೆಕಿಚ್ಚಿಗೆ ಹೆದರ್ಕೊಂಡು ದೂರ ಇಟ್ಟಿದೀಯ ತಾನೇ, ಬಾಯಿಬಿಟ್ಟು ಹೇಳು’ ಅಂದ್ಳು. ನಿಜ ಹೇಳೋಕೆ ಅದಕ್ಕಿಂತ ಒಳ್ಳೇ ಸಮಯ ಇರ್ಲಿಲ್ಲ. ನಾನು ಸುಮ್ನಿದ್ದೆ. ಸುಮ್ನಿದ್ದಿದ್ದನ್ನ ಅವಳು ಹೌದು ಅಂತ ತಗೊಂಡ್ಳು. ಐದಾರು ವರ್ಷ ಮಾತಿಲ್ಲ, ಬರೀ ಹ್ಯಾಪಿ ಬರ್ತ್‌ಡೇ.

ನಾನು ಹೇಗೆ ಚೇತರಿಸ್ಕೊಂಡೆ ಅನ್ನೋದನ್ನ ಬೇಗ ಹೇಳಿ ಮುಗಿಸ್ತೀನಿ, ಕಾದಂಬರೀಲೂ ಅದು ಬರೀ ಒಂಬತ್ತು ಪುಟ. ಆರು ತಿಂಗಳಿಗೆ ಮಗೂನ ತೋರಿಸೋಕೆ ಹೋದಾಗ ಡಾಕ್ಟರ್ ‘ಮಗು ಚೆನ್ನಾಗಿದೆ, ನೀವ್ ಹೇಗಿದ್ದೀರಾ?’ ಅಂದ್ರು. ‘ಮಗು ಚೆನ್ನಾಗಿದೆ’ ಅಂದೆ. ‘ಅದನ್ನ ನಾನೇ ಹೇಳಿದೆ, ನಿಮ್ಮನ್ನ ಕೇಳಿದ್ದು’ ಅಂದ್ರು. ಅಲ್ಲಿಗೆ ಮುಗೀತು ನನ್ನ ನಾಟಕ. ಮೊದಲು ರಕ್ತ ತೆಗೆದು ಥೈರಾಯ್ಡ್ ನೋಡಿದ್ರು, ಹೆರಿಗೆ ಆದ ಮೇಲೆ ಥೈರಾಯ್ಡ್ ಕೆಟ್ರೂ ಮಂಕು, ಸುಸ್ತು, ಸಿಟ್ಟು ಹೀಗೇ ಇರುತ್ತಂತೆ, ನಂಗೆ ಅದು ಸರಿ ಇತ್ತು. ವಾರಕ್ಕೊಂದ್ಸಲ ಕೌನ್ಸೆಲಿಂಗ್, ಜೊತೆಗೆ ಸೆರ್ಟ್ರಲಿನ್ ಅನ್ನೋ ಮಾತ್ರೆ. ಹಾಲು ಕುಡಿಸ್ತಿದ್ದೆ, ಅದಕ್ಕೆ ಹೆದರಿದ್ದೆ, ಹಾಲಿಗೆ ಹೋಗೋದು ತೀರಾ ಕಮ್ಮಿ ಅಂತ ಬಿಡಿಸಿ ಹೇಳಿದ್ರು. ಮೂರ್ನಾಲ್ಕು ವಾರ ಏನೂ ಆಗ್ಲಿಲ್ಲ. ಆಮೇಲೊಂದು ದಿನ ಮಗು ಸೀನಿ ತಾನೇ ಬೆಚ್ಚಿಬಿತ್ತು, ನಾನು ನಕ್ಕೆ, ನಕ್ಕಿದ್ದು ಗೊತ್ತಾಗಿದ್ದು ಆಮೇಲೆ. ಈಗಂತೂ ಇದಕ್ಕೇ ಅಂತ ಬೇರೆ ಮಾತ್ರೆ ಬಂದಿದೆ, ಜುರಾನೊಲೋನ್ ಅಂತ, 2023ರ ಆಗಸ್ಟಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡ್ತು, 14 ದಿನದ ಕೋರ್ಸ್. ಓದುಗರ ಗುಂಪಲ್ಲಿ ಒಬ್ಬ ಹುಡುಗ, ಹಾಗಾದ್ರೆ 14 ದಿನದಲ್ಲಿ ನಿಮ್ಮ ಕಾದಂಬರಿ ಮುಗಿದುಹೋಗುತ್ತಲ್ಲ ಅಂದ. ಮಾತ್ರೆ ತಗೊಳ್ಳೋಕೆ ಮೊದಲು ಅವಳು ಬಾಯಿ ಬಿಡ್ಬೇಕಲ್ಲಪ್ಪಾ, ಆ ಮುಂಚಿನ ಆರು ತಿಂಗಳೇ ಕಾದಂಬರಿ ಅಂದೆ.

ಅದೇ ಹೊತ್ತಲ್ಲಿ ಒಂದು ಹಳೇ ಲೇಖನ ಕೈಗೆ ಸಿಕ್ತು, ಡೊನಾಲ್ಡ್ ವಿನಿಕಾಟ್ ಅಂತ ಇಂಗ್ಲೆಂಡಿನ ಮಕ್ಕಳ ಡಾಕ್ಟರು, ಮನೋವಿಶ್ಲೇಷಕರೂ ಹೌದು, 1949ರಲ್ಲಿ ಬರ್ದಿದ್ದು. ತಾಯಿಗೆ ತನ್ನ ಮಗು ಮೇಲೆ ದ್ವೇಷ ಬರೋಕೆ ಕಾರಣ ಏನೇನು ಅಂತ ಸಾಲಾಗಿ 18 ಕಾರಣ ಕೊಡ್ತಾರೆ ಅದ್ರಲ್ಲಿ, ಸಾಮಾನ್ಯ ತಾಯಂದಿರ ಬಗ್ಗೆನೇ, ಕಾಯಿಲೆಯವರ ಬಗ್ಗೆ ಅಲ್ಲ. ಮೊಲೆತೊಟ್ಟು ನೋಯಿಸುತ್ತೆ, ಸಂಬಳ ಇಲ್ಲದ ಆಳಿನ ಥರ ನಡೆಸ್ಕೊಳ್ಳುತ್ತೆ, ಬೇಕಾದ್ದು ಸಿಕ್ಕಿದ ಮೇಲೆ ಸಿಪ್ಪೆ ಎಸೆದ ಹಾಗೆ ಎಸೆಯುತ್ತೆ, ಇವಳು ಕೊಟ್ಟಿದ್ದನ್ನ ಬೇಡ ಅಂತ ಮುಖ ತಿರುಗಿಸಿ ಚಿಕ್ಕಮ್ಮನ ಕೈಯಲ್ಲಿ ಚೆನ್ನಾಗಿ ತಿನ್ನುತ್ತೆ. ಆ ಕೊನೇದಕ್ಕೆ ಜೋರಾಗಿ ನಕ್ಕುಬಿಟ್ಟೆ. ಪುಣ್ಯಾತ್ಮ, ಇದನ್ನ ಆಗಲೇ ಬರೆದಿಟ್ಟಿದ್ದಾನೆ, ನಂಗೆ ಯಾರೂ ಹೇಳ್ಲಿಲ್ಲ ನೋಡಿ.

ಆ ಧೈರ್ಯದಲ್ಲಿ ಎರಡನೇ ಡ್ರಾಫ್ಟ್ ಬರ್ದೆ. ಇದ್ರಲ್ಲಿ ಗಂಡನಿಗೂ ಸ್ವಲ್ಪ ಜಾಗ ಕೊಟ್ಟೆ (ಹತ್ತು ಅಪ್ಪಂದಿರಲ್ಲಿ ಒಬ್ರಿಗೆ ಆ ಸಮಯದಲ್ಲಿ ಡಿಪ್ರೆಶನ್ ಆಗುತ್ತೆ ಅಂತ ಓದಿದ ಮೇಲೆ ನಮ್ಮೋರ ಆಗಿನ ಮುಖ ನೆನಪಾಗಿ ಸಂಕಟ ಆಯ್ತು, ಅದು ಇನ್ನೊಂದು ಕಥೆ). ಆದ್ರೆ ಗೆಳತಿ ಮಾತ್ರ ಹಾಗೇ ಇದ್ಳು. ಇವಳು ಬಚ್ಚಿಡ್ತಾಳೆ, ಅವಳಿಗೆ ಗೊತ್ತಾಗಲ್ಲ, ಗೊತ್ತಾಗದೇ ನೋಯಿಸ್ತಾಳೆ, ಕೊನೆಗೆ ನಿಜ ತಿಳಿದು ಅಪ್ಕೊಂಡು ಅಳ್ತಾರೆ. ಇಡೀ ಕಟ್ಟಡ ನಿಂತಿದ್ದು ಅವಳಿಗೆ ಗೊತ್ತಿಲ್ಲ ಅನ್ನೋ ಒಂದೇ ಕಂಬದ ಮೇಲೆ.

ನಾಲ್ಕನೇ ಅಧ್ಯಾಯ, ಅಂದ್ರೆ ಗೆಳತಿ ಮಗೂನ ನೋಡೋಕೆ ಬರೋದು, ಎಷ್ಟು ತಿದ್ದಿದ್ರೂ ಸಪ್ಪೆ. ಸುಮ್ನೆ ಒಂದು ಪ್ರಯತ್ನ ಅಂತ ಸರ್ವನಾಮ ಅದಲು ಬದಲು ಮಾಡ್ದೆ. ಗೆಳತಿ ‘ಇವಳು’, ತಾಯಿ ‘ಅವಳು’. ಫೈಂಡ್ ರೀಪ್ಲೇಸ್ ಮಾಡೋಕೆ ಹೋಗಿ ಎಲ್ಲಾ ‘ಇವಳು’ಗಳಾಗಿ ಎಡವಟ್ಟಾಗಿ ಕೈಯಾರೆ ಕೂತು ಬದಲಾಯಿಸ್ಬೇಕಾಯ್ತು. ‘ಇವಳು ಏನ್ ಅದೃಷ್ಟ ಕಣೇ ಅಂದಳು, ಅವಳು ಹೂಂ ಅಂದಳು.’ ಅಲ್ಲಿ ಕೈ ನಿಂತಿತು. ಈಗ ಆ ಹೂಂ ನಂಗೆ ಹೊರಗಿಂದ ಕೇಳಿಸ್ತಿತ್ತು. ಅದು ಸುಳ್ಳಿನ ಥರ ಇರ್ಲೇ ಇಲ್ಲ. ಮುಖ ನೋಡಿ ಹಸಿವು ಸಿಟ್ಟು ಹೇಳ್ತಿದ್ದೋಳಿಗೆ ಇದು ಗೊತ್ತಾಗ್ಲಿಲ್ಲ ಅಂತ ಬರೀತಿದೀನಲ್ಲ, ನಂಬೋ ಮಾತಾ ಇದು?

ಆ ಅಧ್ಯಾಯನ ಅವಳಿಗೇ ಕಳಿಸ್ದೆ. ಐದಾರು ವರ್ಷ ಮಾತಿಲ್ದೆ ಇದ್ದೋಳಿಗೆ ಒಂದು ಹಲೋ ಕೂಡ ಇಲ್ದೆ ಇಪ್ಪತ್ತು ಪುಟದ ಫೈಲ್, ಜೊತೆಗೆ ‘ಟೈಮ್ ಸಿಕ್ರೆ ಓದು’. ಹುಚ್ಚಾಟ, ಗೊತ್ತು. ಒಂಬತ್ತು ದಿನ ಆದ ಮೇಲೆ ರಾತ್ರಿ ಫೋನ್ ಬಂತು. ಮೊದಲ ಮಾತೇ, ‘ಗೊತ್ತಾಗಿತ್ತು ಕಣೇ. ಬಾಗಿಲು ತೆಗೆದಾಗಲೇ ಗೊತ್ತಾಗಿತ್ತು.’ ಹಾಗಾದ್ರೆ ಯಾಕೆ ಕೇಳ್ಲಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ಳು. ಆಮೇಲೆ ಹೇಳಿದ್ದು ಇದು (ಇಲ್ಲಿ ಬರೀಲಾ ಅಂತ ಕೇಳಿದೀನಿ, ಬರಿ, ಒಂದೆರಡು ವಿವರ ಬದಲಾಯಿಸು ಅಂದ್ಳು, ಬದಲಾಯಿಸಿದೀನಿ).

ಅವತ್ತು ಅವಳು ಬಂದಿದ್ದು ಮೂರನೇ ಐವಿಎಫ್‌ನ ಮಧ್ಯದಲ್ಲಿ. ಭ್ರೂಣನ ಗರ್ಭಕ್ಕೆ ಬಿಟ್ಟ ಮೇಲೆ ರಕ್ತ ಟೆಸ್ಟ್ ಮಾಡೋವರೆಗೂ ಸುಮಾರು ಎರಡು ವಾರ ಕಾಯೋದಿರುತ್ತೆ, ಆ ಎರಡು ವಾರದಲ್ಲಿ ಅದು ಏಳನೇ ದಿನ. ಯಾರಿಗೂ ಹೇಳಿರ್ಲಿಲ್ಲ, ನಂಗೆ ಮಾತ್ರ ಹೇಳೋಣ ಅಂತ ಬಂದಿದ್ಳು. ಬಾಗಿಲಲ್ಲಿ ನನ್ನ ಮುಖ ನೋಡಿದ್ಳು. ‘ನೀನು ಮುಳುಗ್ತಾ ಇದ್ದೀಯ ಅಂತ ಕಾಣ್ತಿತ್ತು, ಕೇಳಿದ್ರೆ ನೀನು ಹೇಳ್ತಿದ್ದೆ, ಹೇಳಿದ್ರೆ ನಾನು ಕೇಳಿಸ್ಕೋಬೇಕಿತ್ತು. ಮಗು ಆಗಿ ಹಿಂಗಾಗುತ್ತೆ ಅಂತ ಆ ವಾರ ಕೇಳಿಸ್ಕೊಳ್ಳೋಕೆ ನಂಗೆ ಆಗ್ತಿರ್ಲಿಲ್ಲ ಕಣೇ. ಅದಕ್ಕೆ ಅದೃಷ್ಟ ಅಂದೆ. ಅದೃಷ್ಟ ಅಂದ್ರೆ ನೀನು ಬಾಯಿ ಮುಚ್ಕೋತೀಯ ಅಂತ ಗೊತ್ತಿತ್ತು.’

ಹದಿನಾಲ್ಕನೇ ದಿನ ನೆಗೆಟಿವ್ ಬಂತು. ನಾನು ಫೋನ್ ಮಾಡ್ಲಿಲ್ಲ, ನಂಗೆ ಗೊತ್ತೇ ಇರ್ಲಿಲ್ಲ, ಆದ್ರೂ ಮಾಡ್ಲಿಲ್ಲ ಅಂತ ಅವಳಿಗೆ ಸಿಟ್ಟು. ಫೋಟೋ ಜಗಳ ಆಗಿದ್ದು ಆ ಸಿಟ್ಟಿನ ಮೇಲೆ. ಆಮೇಲೆ ಅವಳ ವಿಷಯ ಏನಾಯ್ತು ಅನ್ನೋದು ಅವಳು ಹೇಳ್ಬೇಕಾದ್ದು, ನಾನಲ್ಲ.

ಫೋನ್ ಇಡೋ ಮುಂಚೆ ಇನ್ನೊಂದು ಹೇಳಿದ್ಳು. ‘ಮಗೂನ ನನ್ ಕೈಗೆ ಕೊಡುವಾಗ ಹುಷಾರು ಹುಷಾರು ಅಂತ ಮೂರ್ನಾಲ್ಕು ಸಲ ಅಂದೆ ನೀನು. ಮಕ್ಕಳಿಲ್ದೋಳಿಗೆ ಎತ್ಕೊಳ್ಳೋಕೆ ಬರಲ್ಲ ಅಂದ್ಕೊಂಡಿದಾಳೆ ಅಂತ ಬೇಜಾರಾಗಿತ್ತು. ಅದನ್ನ ಯಾಕೆ ಬರ್ದಿಲ್ಲ?’ ಹಾಗಂದಿದ್ದು ನಂಗೆ ನೆನಪೇ ಇಲ್ಲ. ನಾವು ನಿಂತಿದ್ದು ಮೆಟ್ಟಿಲ ಹತ್ರ ಅನ್ನೋದು ಮಾತ್ರ ನೆನಪಿದೆ. ಆ ಚಿತ್ರದ ವಿಷಯ ಅವಳಿಗೆ ಅವತ್ತೇ ಮೊದಲ ಸಲ ಹೇಳಿದ್ದು, ಫೋನಲ್ಲಿ, ಆರು ವರ್ಷ ಲೇಟಾಗಿ. ಅವಳು ಏನೂ ಅನ್ಲಿಲ್ಲ. ‘ಥೂ’ ಅಂದ್ಳು ಅಷ್ಟೇ, ಯಾರಿಗೆ ಅಂದ್ಳೋ ಗೊತ್ತಿಲ್ಲ.

ಹಾಗಾಗಿ 140 ಪುಟ ಹೋಯ್ತು. ಕಂಬ ಮುರಿದ ಮೇಲೆ ತಾರಸಿ ನಿಲ್ಲುತ್ತಾ. ಬಚ್ಚಿಟ್ಟಿದ್ದು ನಾನೊಬ್ಳೇ ಅಂತ ಮೂರು ವರ್ಷ ಬರೀತಿದ್ದೆ, ಪ್ರೀತಿಗೆ ಬಚ್ಚಿಟ್ಟೆ ಅಂತ ಬೇರೆ ಅಲಂಕಾರ ಮಾಡಿದ್ದೆ, ಅತ್ತ ಅವಳು ನೋಡಿಯೂ ನೋಡದ ಹಾಗೆ ಕಣ್ಣು ಮುಚ್ಕೊಂಡು ಕೂತಿದ್ಳು, ನನ್ನ ಮಗೂನ ಎದೆಗೊತ್ಕೊಂಡು, ತನ್ನ ಏಳನೇ ದಿನ ಹೊಟ್ಟೇಲಿಟ್ಕೊಂಡು. ಅಪ್ಕೊಂಡು ಅಳೋ ಕೊನೇ ಅಧ್ಯಾಯನೂ ತೆಗ್ದೆ. ನಿಜದಲ್ಲಿ ನಾವು ಅಪ್ಕೊಂಡಿಲ್ಲ, ಭೇಟಿನೂ ಆಗಿಲ್ಲ ಇನ್ನೂ. ವಿಷಯನ ಕಾದಂಬರಿಗೆ ಹಾಕ್ಕೋ ಅಂತ ಒಪ್ಪಿದ್ಳು, ‘ಆದ್ರೆ ನನ್ನನ್ನ ಒಳ್ಳೆಯವಳು ಮಾಡ್ಬೇಡ, ಮಾಡಿದ್ರೆ ಓದಲ್ಲ’ ಅಂದಿದ್ದಾಳೆ.

ಈಗ ನಾಲ್ಕನೇ ಅಧ್ಯಾಯ ಮೊದಲಿಂದ ಬರೀತಿದೀನಿ. ಯಾರು ಇವಳು ಯಾರು ಅವಳು ಅಂತ ಇನ್ನೂ ಗೊಂದಲ ಇದೆ, ಒಂದೊಂದು ಪ್ಯಾರಾದಲ್ಲಿ ಇಬ್ರೂ ಇವಳೇ ಆಗ್ಬಿಡ್ತಾರೆ, ಓದೋರಿಗೆ ತಲೆ ಕೆಡುತ್ತೆ. ಹನ್ನೊಂದು ಪುಟ ಆಗಿದೆ, ಮೆಟ್ಟಿಲ ಹತ್ರ ಹುಷಾರು ಅನ್ನೋವರೆಗೆ. ಮೊನ್ನೆ ಅವಳಿಗೆ ಕಳಿಸ್ದೆ. ನೀಲಿ ಟಿಕ್ ಬಂದಿದೆ. ಉತ್ತರ ಬಂದಿಲ್ಲ.